ಮೊದಲ ಮೆಟ್ಟಿಲಿನ ಮಾದೇವಿ

ಹೋದ ತಿಂಗಳು ಚನ್ನಪಟ್ಟಣದಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಆರತಕ್ಷತೆ ಇತ್ತು. ಛತ್ರದ ತುಂಬ ಜನ, ಗದ್ದಲ. ಮೈಕು ಹಿಡಿದಿದ್ದ ಹುಡುಗ ಎಲ್ಲರನ್ನೂ ಸುಮ್ಮನಾಗಿಸಲು ‘ಹಲೋ ಹಲೋ’ ಎಂದು ನೋಡಿದ. ಯಾರೂ ಕೇಳಲಿಲ್ಲ. ಕೊನೆಗೆ ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಟಪ್ ಟಪ್ ಟಪ್ ಎಂದು ಚಪ್ಪಾಳೆ ತಟ್ಟಿದ. ಅಷ್ಟು ಜನರಲ್ಲಿ ಅವನಿಗೆ ಉತ್ತರವಾಗಿ ಟಪ್ ಟಪ್ ಟಪ್ ಎಂದು ತಟ್ಟಿದವಳು ನಾನೊಬ್ಬಳೇ. ತಟ್ಟಿದ್ದಷ್ಟೇ ಅಲ್ಲ, ತುಟಿಯ ಮೇಲೆ ಬೆರಳಿಟ್ಟುಕೊಂಡು ನೆಟ್ಟಗೆ ನಿಂತೂಬಿಟ್ಟೆ. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ತುಟಿಯ ಮೇಲೆ ಬೆರಳು.

“ಏನೇ ಇದು? ಎಲ್ಲಾ ನಿನ್ನೇ ನೋಡ್ತಾವ್ರೆ,” ಎಂದರು ನಮ್ಮ ಯಜಮಾನರು.

ಬೆರಳು ಇಳಿಸಿದೆ. ಆದರೆ ಅದು ನನ್ನ ಹುಚ್ಚಲ್ಲ, ತರಬೇತಿಯ ಫಲ. ನೀವು ಸರ್ಕಾರಿ ಶಾಲೆಯ ಮೇಷ್ಟ್ರೋ ಮೇಡಮ್ಮೋ ಆಗಿದ್ದರೆ ಇಷ್ಟಕ್ಕೇ ನಿಮಗೆ ಅರ್ಥವಾಗಿರುತ್ತದೆ. ಆಗಿಲ್ಲದಿದ್ದರೆ ಅದು ನಿಮ್ಮ ಪುಣ್ಯ, ನಾನೇ ಹೇಳುತ್ತೇನೆ. ನಮಗೆ ರಜೆ ಬಂದಾಗಲೆಲ್ಲ ತರಬೇತಿ ಬರುತ್ತದೆ. ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವುದು ಚಪ್ಪಾಳೆ. ಅವರು ಮೂರು ತಟ್ಟಿದರೆ ನಾವೂ ಮೂರು ತಟ್ಟಿ, ತುಟಿಗೆ ಬೆರಳಿಟ್ಟು ಸುಮ್ಮನಾಗಬೇಕು. ಅದರಲ್ಲಿ ಶಹಬ್ಬಾಸ್ ಚಪ್ಪಾಳೆ ಉಂಟು, ರೈಲು ಚಪ್ಪಾಳೆ ಉಂಟು, ಮೌನ ಚಪ್ಪಾಳೆ ಉಂಟು. ಮಳೆ ಚಪ್ಪಾಳೆ ಎಂಬುದೊಂದಿದೆ. ಮೊದಲು ಒಂದೇ ಬೆರಳಿಂದ ಅಂಗೈಗೆ ತಟ್ಟಬೇಕು, ಆಮೇಲೆ ಎರಡು ಬೆರಳು, ಆಮೇಲೆ ಮೂರು, ಹೀಗೆ ಹೆಚ್ಚಿಸುತ್ತ ಹೋದರೆ ಹನಿಯಿಂದ ಜಡಿಮಳೆಯವರೆಗೆ ಸದ್ದು ಬರುತ್ತದೆ. ರಾಮನಗರದ ಒಂದು ಶೀಟಿನ ಸೂರಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕುಳಿತು ನಾವು ಈ ಮಳೆಯನ್ನು ಎಷ್ಟು ಸಲ ಬರಿಸಿದ್ದೇವೋ ಲೆಕ್ಕವಿಲ್ಲ. ಹೊರಗೆ ಬಂಡೆಗಳು ಕಾದು ಕೆಂಡವಾಗಿರುತ್ತಿದ್ದವು. ಕುಡಿಯುವ ನೀರಿನ ಕ್ಯಾನು ತಿಂಡಿಯ ಹೊತ್ತಿಗೇ ಖಾಲಿಯಾಗಿರುತ್ತಿತ್ತು.

ಅಲ್ಲಿ ನಾನು ಆನೆಯೂ ಆಗಿದ್ದೇನೆ, ಬಸ್ಸೂ ಆಗಿದ್ದೇನೆ, ಒಮ್ಮೆ ದಶಮಾಂಶ ಬಿಂದುವೂ ಆಗಿದ್ದೇನೆ. ಮಂಡಿನೋವಿನವರು ಬಿಂದು ಆಗಲಿ, ಕೂತಲ್ಲೇ ಕೂರಬಹುದು ಎಂದು ಆ ಪಾತ್ರವನ್ನು ನನಗೆ ದಯಪಾಲಿಸಿದ್ದರು. ಎಡಕ್ಕೂ ಬಲಕ್ಕೂ ನನ್ನನ್ನು ಕುರ್ಚಿಸಮೇತ ಎಳೆದಾಡಿ ಬೆಲೆ ಹೆಚ್ಚುಕಡಿಮೆ ಮಾಡಿದರು. ನಗಬೇಡಿ, ಅಂದು ಎಲ್ಲರಿಗೂ ದಶಮಾಂಶ ಚೆನ್ನಾಗಿ ಅರ್ಥವಾಯಿತು. ಆದರೆ ಅದು ನಮಗೆ ಮೊದಲೇ ಗೊತ್ತಿತ್ತು.

ನನ್ನದೇ ಓದಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ನಾನು ಹುಟ್ಟಿ ಬೆಳೆದದ್ದು ಅಕ್ಕೂರಿನಲ್ಲಿ. ಅಪ್ಪ ರೇಷ್ಮೆಹುಳ ಸಾಕುತ್ತಿದ್ದರು. ಹುಳದ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು, ಬೆಳ್ಳುಳ್ಳಿ ತಿಂದು ಹೋಗಬಾರದು, ಜೋರಾಗಿ ಮಾತಾಡಬಾರದು. ಹೀಗಾಗಿ ಮಗ್ಗಿ ಬಾಯಿಪಾಠ ಮಾಡುವುದಕ್ಕೆ ಅದಕ್ಕಿಂತ ಪ್ರಶಸ್ತವಾದ ಜಾಗ ಇರಲಿಲ್ಲ. ಕೊನೇ ಜ್ವರ ಎದ್ದ ಹುಳಕ್ಕೆ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳಕ್ಕೆ, ವಿಪರೀತ ಹಸಿವು. ಅಕ್ಕ ಒಂದು ಕಡೆಯಿಂದ ಸೊಪ್ಪು ಹಾಸುತ್ತ ಬಂದರೆ ನಾನು ಇನ್ನೊಂದು ಕಡೆಯಿಂದ ಹಾಸುತ್ತ, ಹದಿನೇಳರ ಮಗ್ಗಿಯನ್ನು ಪಿಸುಮಾತಿನಲ್ಲಿ ಹೇಳುತ್ತ ಹೋಗುತ್ತಿದ್ದೆ. ನಮ್ಮ ಮೇಷ್ಟ್ರ ಕೈಯಲ್ಲಿ ಹುಣಿಸೇ ಬರಲು ಇರುತ್ತಿತ್ತು. ಬರಲಿನ ಏಟು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಅದರ ಗೆರೆಗಳು ನನ್ನ ಮೀನಖಂಡದ ಮೇಲೂ ಮೂಡಿದ್ದವು, ಮೇಷ್ಟ್ರು ಸತ್ತ ಸುದ್ದಿ ಕೇಳಿದಾಗ ನನಗೆ ಅಳು ಬರಲೂ ಇಲ್ಲ. ಆದರೆ ಒಂದು ಮಾತು. ಅವರು ನಮ್ಮ ಮೇಲೆ ಪ್ರಯೋಗ ಮಾಡಲಿಲ್ಲ. ಇದನ್ನು ಕಲಿ, ಕಲಿತರೆ ಆ ಪರೀಕ್ಷೆ ಪಾಸಾಗುತ್ತೀಯೆ, ಪಾಸಾದರೆ ಚನ್ನಪಟ್ಟಣದ ಹೈಸ್ಕೂಲಿಗೆ ಹೋಗುತ್ತೀಯೆ ಎಂದು ದಾರಿ ತೋರಿಸಿದ್ದರು. ನೀನು ಖುಷಿಯಾಗಿದ್ದೀಯಾ ಎಂದು ಯಾರೂ ಕೇಳಲಿಲ್ಲ. ನಾನು ಪಾಸಾದೆ, ಆಮೇಲೆ ಖುಷಿಯಾದೆ.

ಪ್ರಯೋಗಗಳಿಗೆ ಒಂದು ವಿಚಿತ್ರ ಗುಣವಿದೆ. ಅವು ಬೆಂಗಳೂರಿನಲ್ಲಿ ಹುಟ್ಟಿದರೂ ಬೆಂಗಳೂರಿನ ಒಳ್ಳೊಳ್ಳೆ ಶಾಲೆಗಳ ಗೇಟಿನ ಮುಂದೆ ಇಳಿಯುವುದಿಲ್ಲ. ಬಿಡದಿ ದಾಟುತ್ತವೆ, ರಾಮನಗರ ದಾಟುತ್ತವೆ, ಕನಕಪುರ ಪೇಟೆಯ ಕಾನ್ವೆಂಟನ್ನು ತಿರುಗಿ ಕೂಡ ನೋಡದೆ ಟಾರು ರಸ್ತೆ ಮುಗಿಯುವ ತನಕ ಬಂದು, ಅಲ್ಲಿ ಸೋರುವ ಒಂದು ಶಾಲೆಯನ್ನು ಹುಡುಕಿ ಇಳಿಯುತ್ತವೆ. ನನ್ನದು ಅಂಥದೇ ಶಾಲೆ. ಕಬ್ಬಾಳಿನಲ್ಲಿ ಬಸ್ಸಿಳಿದು ಕಾಡಿನ ಕಡೆಗೆ ಒಳದಾರಿ ಹಿಡಿದರೆ ಬೆಟ್ಟದ ತಪ್ಪಲಿನಲ್ಲಿ ಇರುಳಿಗ ಬುಡಕಟ್ಟಿನವರ ಒಂದು ದೊಡ್ಡಿ, ಅಂದರೆ ಕಾಡಂಚಿನ ಪುಟ್ಟ ಹಾಡಿ, ಸಿಗುತ್ತದೆ, ದೊಡ್ಡಿಗೂ ಹೊಲಗಳಿಗೂ ನಡುವೆ ಶಾಲೆ. ಒಂದರಿಂದ ಐದರ ತನಕ ತರಗತಿ, ಮೇಡಂ ನಾನೊಬ್ಬಳೇ. ಹೆಡ್‌ಮಿಸ್ಸೂ ನಾನೇ, ಗಂಟೆ ಹೊಡೆಯುವವಳೂ ನಾನೇ. ಮೊದಲು ಪಕ್ಕದ ಊರಿನ ಗೌಡರ ಮಕ್ಕಳೂ ಇಲ್ಲಿಗೇ ಬರುತ್ತಿದ್ದರು. ಈಗ ಅವರನ್ನು ಬೆಳಿಗ್ಗೆ ಹಳದಿ ವ್ಯಾನು ಬಂದು ಇಂಗ್ಲಿಷಿಗೆ ಕರೆದುಕೊಂಡು ಹೋಗುತ್ತದೆ. ಉಳಿದವರು ದೊಡ್ಡಿಯ ಮಕ್ಕಳು. ಅವರ ಅಜ್ಜಂದಿರು ಕಾಡಿನಲ್ಲಿ ಜೇನು ಬಿಡಿಸಿ ಗೆಣಸು ಅಗೆದು ಬದುಕಿದವರು. ಅಪ್ಪ ಅಮ್ಮಂದಿರು ಗೌಡರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾರೆ, ಕಾಲ ಬಂದಾಗ ಜೇನಿಗೂ ಹೋಗುತ್ತಾರೆ.

ನಾನು ಈ ಶಾಲೆಗೆ ಬಂದ ಮೇಲೆ ಇಲ್ಲಿಗೆ ರೇಡಿಯೋ ಪಾಠ ಬಂದು ಹೋಯಿತು, ಮರಳಿನಲ್ಲಿ ಅಕ್ಷರ ತೀಡುವುದು ಬಂದು ಹೋಯಿತು, ಬೊಂಬೆಯಾಟದ ಪಾಠ ಬಂದು ಹೋಯಿತು. ಟ್ಯಾಬ್ ಬಂದಾಗ ಕರೆಂಟು ಇರಲಿಲ್ಲ, ಕರೆಂಟು ಬಂದಾಗ ಟ್ಯಾಬಿನ ಪಾಸ್‌ವರ್ಡು ಗೊತ್ತಿದ್ದವರು ಕೆಲಸ ಬಿಟ್ಟಿದ್ದರು. ಯಾವುದೂ ಕೆಟ್ಟದ್ದಲ್ಲ. ಯಾವುದೂ ಎರಡನೇ ಮಳೆಗಾಲ ಕಾಣಲಿಲ್ಲ ಅಷ್ಟೇ. ಪ್ರತಿ ಸಲವೂ ನಾವು ಮೊದಲಿನಿಂದ ಶುರು ಮಾಡಿದೆವು, ಪ್ರತಿ ಸಲವೂ ಮಕ್ಕಳು ಮುಂದಿನ ತರಗತಿಗೆ ಹೋಗಿಬಿಟ್ಟಿದ್ದರು.

ಈಗ ಹೇಳಹೊರಟಿರುವುದು ಎಲ್ಲಕ್ಕಿಂತ ದೊಡ್ಡ ಪ್ರಯೋಗದ ಸಂಗತಿ. ಅದಕ್ಕೆ ಚೆಂದದ ಹೆಸರೊಂದಿತ್ತು. ಹೇಳುವುದಿಲ್ಲ, ಹೇಳಿದರೆ ಕೈ ತಾನಾಗಿ ಚಪ್ಪಾಳೆಗೆ ಏಳುತ್ತದೆ. ಒಂದು ಜೂನ್ ತಿಂಗಳಲ್ಲಿ ಜೀಪಿನಲ್ಲಿ ಬಂದಿಳಿದವನು ವಿನಯ್ ಎಂಬ ಹುಡುಗ. ಖಾದಿ ಜುಬ್ಬ, ಕುರುಚಲು ಗಡ್ಡ, ಹೆಗಲಲ್ಲಿ ಬಟ್ಟೆಯ ಚೀಲ. ಒಳ್ಳೆಯವನು, ಸುಳ್ಳು ಹೇಳಬಾರದು. ಮಕ್ಕಳ ಮೂಗು ಒರೆಸುತ್ತಿದ್ದ, ಅವರ ಜೊತೆ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದ. ಇಡೀ ವರ್ಷ ನಮ್ಮ ಶಾಲೆ ಅವನ ಯೋಜನೆಯ ಪೈಲಟ್ ಶಾಲೆ ಎಂದು ಕಚೇರಿಯಿಂದ ಆದೇಶ ತಂದಿದ್ದ.

“ಮ್ಯಾಮ್, ಈ ಮಕ್ಕಳಿಗೆ ನಾವು ಏನನ್ನೂ ಹೇರಬಾರದು. ಅವರಿಂದ ನಾವು ಕಲೀಬೇಕು,” ಎಂದ.

“ಕಲೀರಿ ಸಾರ್, ಸಂತೋಷ,” ಎಂದೆ. “ಅವರು ಯಾವಾಗ ಕಲಿಯೋದು?”

ಅವನು ನಕ್ಕ. ನಾನು ತಮಾಷೆ ಮಾಡಲಿಲ್ಲ ಎಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಯೋಜನೆಯ ಪೆಟ್ಟಿಗೆ ತೆಗೆದರೆ ಒಳಗೆ ಅರಗಿನ ಬಣ್ಣದ ಮರದ ಗೊಂಬೆಗಳು, ಮಣಿಗಳು, ಬುಗುರಿಗಳು. ಅವು ಯಾವ ಊರಿನವು, ಬಣ್ಣ ಹೇಗೆ ಹಾಕುತ್ತಾರೆ ಎಂದು ವಿನಯ್ ನನಗೆ ಬಹಳ ಹೊತ್ತು ವಿವರಿಸಿದ. ಚನ್ನಪಟ್ಟಣದಲ್ಲಿ ನಾನು ಮದುವೆಯಾಗಿ ಬಂದ ಮನೆಯ ಬೀದಿಯಲ್ಲಿ ಬೆಳಗಾದರೆ ಅದೇ ಗೊಂಬೆ ಕಡೆಯುವ ಯಂತ್ರದ ಸದ್ದು. ಹೌದಾ ಹೌದಾ ಎಂದು ಕೇಳಿಕೊಂಡೆ. ದೊಡ್ಡವರು ಉತ್ಸಾಹದಲ್ಲಿದ್ದಾಗ ಅಡ್ಡ ಬಾಯಿ ಹಾಕಬಾರದು ಎಂಬುದನ್ನೂ ನಮಗೆ ತರಬೇತಿಯಲ್ಲೇ ಕಲಿಸಿರುತ್ತಾರೆ.

ಮೊದಲ ದಿನವೇ ಎಲ್ಲರನ್ನೂ ಅಂಗಳಕ್ಕೆ ಕರೆದು, “ಬನ್ನಿ, ಎಲ್ಲರೂ ಆನೆ ಥರ ನಡೆಯೋಣ!” ಎಂದ. ತಾನೇ ಒಂದು ಕೈಯನ್ನು ಸೊಂಡಿಲು ಮಾಡಿಕೊಂಡು ಮುಂದೆ ಹೊರಟ. ಹಿಂದೆ ಯಾರೂ ಬರಲಿಲ್ಲ. ಒಂದನೇ ತರಗತಿಯ ಒಂದು ಮಗು ಅಳತೊಡಗಿತು. ಹಿಂದಿನ ವಾರ ಅವರ ಮನೆಯ ಹಿಂದೆ ಆನೆ ಬಂದು ಹಲಸಿನ ಮರ ಮುರಿದು ಹೋಗಿತ್ತು. ಆನೆ ನಮ್ಮಲ್ಲಿ ಕಥೆಯ ಪ್ರಾಣಿಯಲ್ಲ, ಸಂಜೆಯಾದರೆ ದಾರಿಯಲ್ಲಿ ಸಿಗುವ ಪ್ರಾಣಿ. ವಿನಯ್ ಸೊಂಡಿಲು ಇಳಿಸಿ, ಮಗುವಿಗೆ ಬುಗುರಿ ಕೊಟ್ಟು ಸಮಾಧಾನ ಮಾಡಿದ.

ಮಾದೇವಿ ಆಗ ಐದನೇ ತರಗತಿಯಲ್ಲಿದ್ದಳು. ನನ್ನ ಕೈಯಲ್ಲಿ ಓದಿದ ಮಕ್ಕಳಲ್ಲಿ ಲೆಕ್ಕಕ್ಕೆ ಅಷ್ಟು ಆಸೆಪಟ್ಟವರು ಕಡಿಮೆ. ಭಾಗಾಕಾರ ಕೊಟ್ಟರೆ ಊಟದ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಬರೆದು ತಂದು ನನ್ನ ಮೇಜಿನ ಮೇಲೆ ಸ್ಲೇಟು ಇಟ್ಟು, “ರೈಟ್ ಹಾಕಿ ಮಿಸ್” ಎಂದು ನಿಲ್ಲುತ್ತಿದ್ದಳು. ಅವಳಪ್ಪ ಕೆಂಪಯ್ಯ ಆ ವರ್ಷ ಶಾಲೆ ಶುರುವಾದ ದಿನವೇ ಬಂದು ಬಾಗಿಲಲ್ಲಿ ನಿಂತಿದ್ದ.

“ಮೇಡಮ್ನೋರೆ, ಇವ್ಳ ಆ ಹಾಸ್ಟೆಲ್ ಸ್ಕೂಲ್ಗೆ ಸೇರಂಗೆ ಮಾಡ್ಬುಡಿ. ಇಲ್ಲಿ ಐದಕ್ಕೇ ಮುಗೀತದೆ. ಆಮ್ಯಾಕೆ ಆರ್ನೇ ಕ್ಲಾಸ್ಗೆ ಆ ಕಾಡ್ದಾರೀಲಿ ಹೆಣ್ಮಗೀನ ಒಂಟಿಯಾಗಿ ಹೆಂಗ್ ಕಳಿಸ್ಲಿ? ಆನೆ ಐತೆ. ನಾನು ಕೂಲಿ ಬುಟ್ಟು ದಿನಾ ಹಿಂದೆ ಹೋಗಕ್ಕಾಯ್ತದಾ?”

ಅವನು ಹೇಳಿದ್ದು ಕನಕಪುರದ ಕಡೆಯ ವಸತಿ ಶಾಲೆ. ಆರನೇ ತರಗತಿಗೆ ಅಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕು. ಸೀಟು ಸಿಕ್ಕರೆ ಊಟ, ವಸತಿ, ಓದು ಎಲ್ಲ ಅಲ್ಲೇ, ಹತ್ತನೇ ತರಗತಿಯವರೆಗೆ ಚಿಂತೆ ಇಲ್ಲ. ಸಿಗದಿದ್ದರೆ ಮಾದೇವಿಯ ಓದು ಐದಕ್ಕೆ ನಿಲ್ಲುತ್ತದೆ. ನನಗೂ ಗೊತ್ತಿತ್ತು, ಕೆಂಪಯ್ಯನಿಗೂ ಗೊತ್ತಿತ್ತು, ಮಾದೇವಿಗಂತೂ ಚೆನ್ನಾಗಿ ಗೊತ್ತಿತ್ತು. ಈ ವರ್ಷ ಪೂರ್ತಿ ಇವಳಿಗೆ ಪರೀಕ್ಷೆಯ ಲೆಕ್ಕಗಳನ್ನೇ ಮಾಡಿಸುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ. ಜೀಪು ಬಂದದ್ದು ಅದಾದ ಮರುವಾರ.

ಯೋಜನೆಯಲ್ಲಿ ಕೆಂಪು ಪೆನ್ನು ನಿಷೇಧ. ರೈಟು, ಕಾಟು, ಅಂಕ ಯಾವುದೂ ಹಾಕುವಂತಿಲ್ಲ, ಮಗುವಿನ ಮನಸ್ಸು ಕುಗ್ಗುತ್ತದೆ ಎಂದರು. ಮಾದೇವಿ ಮೊದಲ ವಾರ ಸ್ಲೇಟು ಹಿಡಿದು ವಿನಯ್ ಮುಂದೆ ನಿಂತಳು.

“ರೈಟ್ ಹಾಕಿ ಸಾ.”

“ಇಲ್ಲಿ ಸರಿ ತಪ್ಪು ಅಂತ ಏನೂ ಇಲ್ಲ ಪುಟ್ಟಿ. ನಿಂಗೆ ಮಾಡೋವಾಗ ಖುಷಿ ಆಯ್ತಾ?”

ಮಾದೇವಿ ಸ್ಲೇಟನ್ನೂ ಅವನನ್ನೂ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ಸರೀನೋ ತಪ್ಪೋ ಹೇಳ್ದೆ ಹೋದ್ರೆ ನಂಗೆ ಹೆಂಗ್ ಗೊತ್ತಾಗದು ಮಿಸ್?” ಎಂದಳು. ಇಷ್ಟು ವರ್ಷದಲ್ಲಿ ಯಾವ ತರಬೇತಿಯಲ್ಲೂ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ.

ಆಮೇಲೆ ಮಕ್ಕಳ ಮಟ್ಟ ಅಳೆಯುವ ದಿನ ಬಂತು. ಪರೀಕ್ಷೆ ಎಂದರೆ ಮಕ್ಕಳು ಹೆದರುತ್ತಾರೆ, ಅದಕ್ಕೆ ಆಟದ ರೂಪ. ಅಂಗಳದಲ್ಲಿ ಚಾಪೆಯಷ್ಟಗಲದ ಹಾಳೆಗಳನ್ನು ಹಾಸಿದರು. ಒಂದೊಂದು ಹಾಳೆಯ ಮೇಲೂ ಸುಲಭದಿಂದ ಕಷ್ಟದವರೆಗೆ ಲೆಕ್ಕಗಳು, ಪ್ರತಿ ಲೆಕ್ಕದ ಪಕ್ಕ ದೊಡ್ಡ ಖಾಲಿ ಜಾಗ. ಒಂದು ಹಾಳೆಗೆ ನಾಲ್ಕು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಕ್ರೆಯಾನ್. ಎಲ್ಲರೂ ಎಲ್ಲ ಲೆಕ್ಕವನ್ನೂ ತಮ್ಮ ಬಣ್ಣದಲ್ಲಿ ಮಾಡಬೇಕು. ಬಣ್ಣ ನೋಡಿ ಯಾರು ಎಷ್ಟು ಮಾಡಿದರೆಂದು ಎಣಿಸುತ್ತಾರೆ. ಮಾದೇವಿಗೆ ನೀಲಿ ಸಿಕ್ಕಿತು.

ಅವಳ ಹಾಳೆಯಲ್ಲಿದ್ದ ಉಳಿದ ಮೂವರು ಚಿಕ್ಕವರು. ಚಿಕ್ಕವರು ಮೊದಲು ಮಾಡಲಿ ಎಂದು ಇವಳು ಕೈಕಟ್ಟಿ ಕೂತಳು. ಅವು ಒಂದಷ್ಟು ಸರಿ, ಒಂದಷ್ಟು ತಪ್ಪು ಗೀಚಿ ಮುಗಿಸಿದವು. ಕೊನೆಯಲ್ಲಿ ಯಾರೂ ಮುಟ್ಟದೆ ಉಳಿದದ್ದು ಒಂದೇ ಒಂದು, ದೊಡ್ಡ ಭಾಗಾಕಾರ. ಮಾದೇವಿ ಬಗ್ಗಿ ಅದನ್ನೊಂದೇ ನೀಟಾಗಿ ಮಾಡಿ, ಕ್ರೆಯಾನ್ ವಾಪಸ್ ಕೊಟ್ಟು ಎದ್ದಳು. ವಿನಯ್ ನೀಲಿ ಎಣಿಸಿದ. ಒಂದು. ಸುಲಭದ್ದು ಒಂದನ್ನೂ ಮಾಡದವಳು ಕಷ್ಟದ್ದನ್ನು ಮಾಡಿರಲಾರಳು, ಅದು ಆಕಸ್ಮಿಕ ಇರಬೇಕು ಎಂದು ಅವನ ಫೋನಿನ ಲೆಕ್ಕಾಚಾರವೂ ಹೇಳಿತು. ಐದನೇ ತರಗತಿಯ ಮಾದೇವಿ ಯೋಜನೆಯವರ ‘ಕಲಿಕೆಯ ಏಣಿ’ಯಲ್ಲಿ ಮೊದಲ ಮೆಟ್ಟಿಲಿಗೆ ಬಂದು ನಿಂತಳು.

ನಾನು ಅವಳನ್ನು ಪಕ್ಕಕ್ಕೆ ಕರೆದೆ.

“ಯಾಕಮ್ಮಾ, ಉಳಿದವನ್ನ ಯಾಕೆ ಮಾಡಲಿಲ್ಲ?”

“ಅವ್ರು ಆಗ್ಲೇ ಗುರ್ತ್ ಹಾಕ್ಬುಟ್ಟಿದ್ರಲ್ಲ ಮಿಸ್.”

“ಅವರು ಹಾಕಿದ್ದು ತಪ್ಪಿತ್ತಲ್ಲೇ?”

“ತಪ್ಪಾದ್ರೂ ಅವ್ರದೇ ಅಲ್ವಾ?”

ನನಗೆ ಆಗ ಹೊಳೆಯಿತು. ಅವರ ದೊಡ್ಡಿಯಲ್ಲಿ ಕಾಡಿನಲ್ಲಿ ಯಾರಾದರೂ ಜೇನು ಕಂಡರೆ, ಅದು ಇನ್ನೂ ತುಂಬದಿದ್ದರೆ, ಮರದ ಬುಡಕ್ಕೆ ಸೊಪ್ಪಿನ ಕಡ್ಡಿ ಸಿಕ್ಕಿಸಿ ಬರುತ್ತಾರೆ. ಆಮೇಲೆ ಎಷ್ಟು ಜನ ಆ ದಾರಿಯಲ್ಲಿ ಹೋದರೂ ಆ ಜೇನಿಗೆ ಕೈ ಹಾಕುವುದಿಲ್ಲ. ಕಡ್ಡಿ ಸಿಕ್ಕಿಸಿದವನು ಮರ ಹತ್ತಲಾರದ ಮುದುಕನಾದರೂ ಸರಿ, ಅದು ಅವನದು. ಮೊದಲು ಗುರುತು ಹಾಕಿದ್ದನ್ನು ಮುಟ್ಟುವುದು ಕಳ್ಳತನ. ಮಾದೇವಿ ಹಸುಗೂಸಾಗಿದ್ದಾಗಿನಿಂದ ಕಲಿತ ಪಾಠ ಇದು. ಅಂಗಳದಲ್ಲಿ ಹಾಸಿದ ಹಾಳೆಯ ಮೇಲೆ ಅವಳು ಇದನ್ನೇ ಪಾಲಿಸಿದ್ದಳು.

ಓಡಿಹೋಗಿ ವಿನಯ್‌ಗೆ ಹೇಳಿದೆ. ಅವನ ಕಣ್ಣು ಅರಳಿತು.

“ವಾವ್ ಮ್ಯಾಮ್! ಎಂಥಾ ಬ್ಯೂಟಿಫುಲ್ ವ್ಯಾಲ್ಯೂ ಇದು! ನಮ್ಮ ರಿಪೋರ್ಟಿಗೆ ಇದೇ ಹೃದಯ ಆಗುತ್ತೆ.”

“ಆಗಲಿ ಸಾರ್. ಅವಳೊಬ್ಬಳಿಗೇ ಬೇರೆ ಹಾಳೆ ಕೊಟ್ಟು ಇನ್ನೊಂದು ಸಲ ಮಾಡಿಸಿ. ಎಲ್ಲಾ ಮಾಡ್ತಾಳೆ.”

“ಅದಾಗಲ್ಲ ಮ್ಯಾಮ್. ಒಬ್ಬರಿಗೆ ಮಾತ್ರ ಮತ್ತೆ ಟೆಸ್ಟ್ ಮಾಡಿದ್ರೆ ಡೇಟಾ ಹಾಳಾಗುತ್ತೆ. ಅವಳು ಅವಳ ಸ್ಪೀಡಲ್ಲೇ ಮೇಲೆ ಬರ್ತಾಳೆ ಬಿಡಿ, ಅವಸರ ಏನಿದೆ?”

ಅವಸರ ಏನಿದೆ! ಈ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಸರ ಇಲ್ಲದವರು ಯಾರು ಗೊತ್ತೇ? ಬಿದ್ದರೆ ಹಿಡಿಯಲು ಕೆಳಗೆ ಹಾಸಿಗೆ ಇರುವವರು. ಮಾದೇವಿಯ ಕೈಯಲ್ಲಿದ್ದದ್ದು ಒಂದೇ ವರ್ಷ.

ಕಚೇರಿಗೆ ಫೋನು ಮಾಡಿದೆ. “ನಿಮ್ಮದು ಪೈಲಟ್ ಶಾಲೆ ಮೇಡಂ, ಅವರ ಕೆಲಸಕ್ಕೆ ಅಡ್ಡಿ ಮಾಡ್ಬೇಡಿ,” ಎಂದರು ಸಾಹೇಬರು. ಯೋಜನೆಯ ನಿಯಮ ಎಂದರೆ ನಿಯಮ. ಮೊದಲ ಮೆಟ್ಟಿಲಿನ ಮಗುವಿಗೆ ಮೊದಲ ಮೆಟ್ಟಿಲಿನ ಕಾರ್ಡು ಮಾತ್ರ. ಅದರ ಅಷ್ಟೂ ಕಾರ್ಡುಗಳನ್ನು ಹತ್ತಾರು ಸಲ ಮಾಡಿ ಮುಗಿಸಿದ ಮೇಲೆ ಎರಡನೆಯದು. ಹೀಗೆ ಮಾದೇವಿ ಒಂದನೇ ತರಗತಿಯ ಮಕ್ಕಳ ಜೊತೆ ಕೂತು ಹಸಿರು ಮಣಿ ಎಷ್ಟು, ಹಳದಿ ಮಣಿ ಎಷ್ಟು ಎಂದು ಎಣಿಸಿದಳು. ಎಲೆಗೆ ಬಣ್ಣ ತುಂಬಿದಳು. ಹತ್ತನೇ ಸಲ ಎಲೆಯ ಕಾರ್ಡು ಬಂದಾಗ, “ಇದ್ಕೆ ಆಗ್ಲೇ ತುಂಬಿದ್ನಲ್ಲಾ?” ಎಂದು ಕೇಳಿದಳು. ಜಗಳ ಆಡಲಿಲ್ಲ. ಜಗಳ ಆಡುವ ಜನ ಅಲ್ಲ ಅವರು, ಅದನ್ನೇ ಎಲ್ಲರೂ ಸಂತೋಷ ಎಂದು ತಿಳಿಯುತ್ತಾರೆ.

ಮಧ್ಯಾಹ್ನ ಊಟ ಮುಗಿಸಿದ ಮೇಲೆ ಅಡುಗೆ ಕೋಣೆಯ ಹಿಂದೆ ಕೂರಿಸಿಕೊಂಡು ನಾನು ಅವಳಿಗೆ ಪರೀಕ್ಷೆಯ ಲೆಕ್ಕ ಹೇಳಿಕೊಡತೊಡಗಿದೆ. ಕಳ್ಳಭಟ್ಟಿ ಕಾಯಿಸುವವರ ಹಾಗೆ ಆಚೀಚೆ ನೋಡಿಕೊಂಡು ಭಿನ್ನರಾಶಿ ಕಲಿಸಿದ್ದೇನೆ. ಬ್ಯಾಗಿನ ತಳದಲ್ಲಿ ಕೆಂಪು ಪೆನ್ನು ಬಚ್ಚಿಟ್ಟುಕೊಂಡು ಹೋಗುತ್ತಿದ್ದೆ. ಅವಳ ಲೆಕ್ಕಕ್ಕೆ ರೈಟು ಹಾಕಿದರೆ ಆ ರೈಟಿನ ಮೇಲೆ ಅವಳು ಬೆರಳಾಡಿಸುತ್ತಿದ್ದಳು. ಊಟದ ಬಿಡುವು ಎಷ್ಟು ಹೊತ್ತಿನದು? ಒಂದು ಲೆಕ್ಕ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಬೇಕು, ಹೊಡೆಯುವವಳೂ ನಾನೇ. ಸಂಜೆ ಉಳಿಯೋಣವೆಂದರೆ ಕಬ್ಬಾಳಿನಿಂದ ಚನ್ನಪಟ್ಟಣದ ಕೊನೇ ಬಸ್ಸು ಹೋಗಿಬಿಡುತ್ತಿತ್ತು, ಮಕ್ಕಳೂ ಬೆಳಕಿರುವಾಗಲೇ ದೊಡ್ಡಿ ಸೇರಬೇಕಿತ್ತು. ಒಮ್ಮೆ ವಿನಯ್ ನಮ್ಮನ್ನು ಅಲ್ಲಿ ನೋಡಿಬಿಟ್ಟ. ಬೈಯಲಿಲ್ಲ. “ಮ್ಯಾಮ್, ಅವಳ ಬಾಲ್ಯ ಕಿತ್ಕೋತಾ ಇದ್ದೀರಿ,” ಎಂದ, ನಿಜವಾಗಿಯೂ ನೊಂದುಕೊಂಡು.

ಅವನ ನೋವು ಸುಳ್ಳಲ್ಲ. ನನಗೆ ಅದೇ ಹೆಚ್ಚು ಸಿಟ್ಟು ಬರಿಸಿತು. ಕೆಟ್ಟವನಾಗಿದ್ದರೆ ಬೈದು ಬಾಗಿಲು ಹಾಕಬಹುದಿತ್ತು. ಅವನು ಬೆಂಗಳೂರಿನಲ್ಲಿ ಬೆಳೆದವನು, ಬೇಕಾದಷ್ಟು ಪರೀಕ್ಷೆ ಬರೆದು, ಬೇಕಾದಷ್ಟು ರೈಟು ಹಾಕಿಸಿಕೊಂಡು, ಸಾಕಾಗಿ, ಪರೀಕ್ಷೆಯೇ ಇಲ್ಲದ ಲೋಕವನ್ನು ಕಟ್ಟಲು ಬಂದಿದ್ದ. ಕಟ್ಟಲಿ, ಯಾರು ಬೇಡ ಎಂದರು? ಮೊದಲು ತಾನು ಓದಿದ ಶಾಲೆಯಲ್ಲಿ ಕಟ್ಟಿ ಬರಬಾರದಿತ್ತೇ?

ಪ್ರವೇಶ ಪರೀಕ್ಷೆಗೆ ಕೆಂಪಯ್ಯನೂ ನಾನೂ ಮಾದೇವಿಯನ್ನು ಕನಕಪುರಕ್ಕೆ ಕರೆದುಕೊಂಡು ಹೋದೆವು. ಅವಳಮ್ಮ ತಲೆಗೆ ಎಣ್ಣೆ ಹಾಕಿ ಎರಡು ಜಡೆ ಬಿಗಿಯಾಗಿ ಹೆಣೆದಿದ್ದಳು. ಒಳಗೆ ಹೋಗುವಾಗ ಮಾದೇವಿ ನನ್ನನ್ನು ತಿರುಗಿ ನೋಡಿ ನಕ್ಕಳು. ಹೊರಗೆ ಬಂದಾಗ ಮುಖ ಬಾಡಿತ್ತು. ಬಸ್ಸಿನಲ್ಲಿ ಸಾತನೂರು ಬರುವ ತನಕ ಜಡೆಯ ತುದಿ ತಿರುವುತ್ತ ಕೂತಿದ್ದಳು.

“ಲೆಕ್ಕ ಎಲ್ಲಾ ಬತ್ತಿತ್ತು ಮಿಸ್,” ಎಂದಳು ಕೊನೆಗೆ. “ನಿಧಾನಕ್ಕೆ ಮಾಡ್ತಿದ್ದೆ. ಅರ್ಧ ಆಗಿತ್ತು, ಅಷ್ಟೊತ್ಗೆ ಗಂಟೆ ಹೊಡ್ದು ಪೇಪರ್ ಕಿತ್ಕಂಡ್ಬುಟ್ರು. ಒಸಿ ಇರಿ ಅಂದೆ, ಬುಡ್ಲಿಲ್ಲ.”

ಇಡೀ ವರ್ಷ ಅವಳಿಗೆ ಯಾರೂ ಗಡಿಯಾರ ತೋರಿಸಿರಲಿಲ್ಲ. ಅವರವರ ವೇಗ ಅವರವರದು ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರು. ಬಸ್ಸಿನ ಕಂಬಿ ಹಿಡಿದು ನಿಂತಿದ್ದ ಕೆಂಪಯ್ಯ ಮಗಳ ತಲೆ ಸವರಿ, “ಅರ್ಧ ಬರ್ದಿದ್ದೀಯಲ್ಲ, ಸಾಕು ಕಣವ್ವ,” ಎಂದ. ಸಾಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೇಸಿಗೆಯಲ್ಲಿ ಪಟ್ಟಿ ಬಂತು. ಮೀಸಲಿನ ಸೀಟುಗಳಿದ್ದವು, ಅವು ಬೇರೆ ಊರುಗಳ ಮಕ್ಕಳಿಗೆ ಹೋಗಿದ್ದವು. ಮಾದೇವಿಯ ಹೆಸರು ಎಲ್ಲೂ ಇರಲಿಲ್ಲ.

ಅದೇ ಬೇಸಿಗೆಗೆ ಯೋಜನೆಯೂ ಮುಗಿಯಿತು. ಜೀಪು ಮಾಗಡಿ ತಾಲ್ಲೂಕಿನ ಬೇರೊಂದು ದೊಡ್ಡಿಗೆ ಹೊರಟಿತು. ಬೀಳ್ಕೊಡುಗೆಯ ದಿನ ವಿನಯ್ ಕಣ್ಣೀರು ಹಾಕಿದ. ಮಕ್ಕಳು ಅವನಿಗೆ ಮಳೆ ಚಪ್ಪಾಳೆ ತಟ್ಟಿದರು. ಅಷ್ಟು ಚೆನ್ನಾಗಿ ಮಳೆ ಬರಿಸುವ ಮಕ್ಕಳು ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ, ಒಂದು ವರ್ಷ ಅದನ್ನೇ ಕಲಿತದ್ದು.

ಶಾಲೆ ಮತ್ತೆ ಶುರುವಾಗಿ ಸ್ವಲ್ಪ ದಿನಕ್ಕೆ ಕೊರಿಯರ್‌ನಲ್ಲಿ ಒಂದು ಪುಸ್ತಕ ಬಂತು. ನುಣುಪು ಕಾಗದ, ಎಲ್ಲಾ ಇಂಗ್ಲಿಷು. ಮುಖಪುಟದ ತುಂಬ ಮಾದೇವಿ, ಕೈಯಲ್ಲಿ ಸೊಪ್ಪಿನ ಕಡ್ಡಿ ಹಿಡಿದು ನಗುತ್ತಿದ್ದಾಳೆ. ಫೋಟೋಕ್ಕೆಂದು ಆ ಕಡ್ಡಿಯನ್ನು ಯಾರೋ ಕೈಗೆ ಕೊಟ್ಟಿರಬೇಕು. ಒಳಗೆ ಅವಳ ಹೆಸರು ಬದಲಾಯಿಸಿದ್ದರು. ಮಗುವಿನ ಗುರುತು ಗುಟ್ಟಾಗಿರಬೇಕಂತೆ. ಈ ಪುಸ್ತಕವನ್ನು ಬೆಂಗಳೂರಿನಲ್ಲಿ ದೊಡ್ಡ ಸಭೆ ಮಾಡಿ ಬಿಡುಗಡೆ ಮಾಡಿದರು ಎಂದು ಜೊತೆಗಿದ್ದ ಚೀಟಿ ಹೇಳುತ್ತಿತ್ತು. ಏನು ಮಾಡುವುದೆಂದು ತಿಳಿಯದೆ, ಬಸ್ಸು ತಪ್ಪಿದರೆ ತಪ್ಪಲಿ ಎಂದು ಸಂಜೆ ಶಾಲೆ ಬಿಟ್ಟ ಕೂಡಲೇ ಅದನ್ನು ಹಿಡಿದುಕೊಂಡು ದೊಡ್ಡಿಗೆ ಹೋದೆ. ಅವಳ ಫೋಟೋ ಅವಳ ಮನೆಯಲ್ಲಾದರೂ ಇರಲಿ ಎಂದು.

ಕೆಂಪಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. ಮಗಳ ಮುಖವನ್ನು ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಒಂದು ಆಸೆ ಕಾಣಿಸಿಕೊಂಡಿತು.

“ಮೇಡಮ್ನೋರೆ, ಇದ್ನ ತಕ್ಕಂಡೋಗಿ ತೋರ್ಸುದ್ರೆ ಹಾಸ್ಟೆಲ್ ಸ್ಕೂಲ್ನೋರು ಸೇರ್ಸ್ಕತ್ತಾರಾ?”

“ಇಲ್ಲ ಕೆಂಪಯ್ಯ.”

“ಇಷ್ಟು ದೊಡ್ಡದಾಗಿ ಪಟ ಹಾಕವ್ರೆ? ಬೆಂಗ್ಳೂರ್ನೋರು?”

“ಹಾಕಿದ್ರೂ ಇಲ್ಲ.”

ಅವನು ಪುಸ್ತಕವನ್ನು ಜಗಲಿಯ ಮೇಲೆ ಇಟ್ಟ. ಅಷ್ಟರಲ್ಲಿ ಮಾದೇವಿ ಅಮ್ಮನ ಜೊತೆ ಗೌಡರ ತೋಟದಿಂದ ಬಂದಳು. ಆ ವರ್ಷ ಅವಳು ಆರನೇ ತರಗತಿಯಲ್ಲಿ ಇರಬೇಕಿತ್ತು, ಅಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು. ಬೆರಳುಗಳು ಸೊಪ್ಪಿನ ಹಾಲು ಅಂಟಿ ಕಪ್ಪಾಗಿದ್ದವು. ನನ್ನನ್ನು ಕಂಡು, “ಬಂದ್ರಾ ಮಿಸ್,” ಎಂದು ನಗುತ್ತ ಪುಸ್ತಕ ತೆಗೆದುಕೊಂಡು ತಿರುವಿದಳು. ಎ, ಎನ್, ಡಿ ಎಂದು ಒಂದೊಂದೇ ಅಕ್ಷರ ಕೂಡಿಸಿ ನೋಡಿದಳು. ತನ್ನ ಹೆಸರು ಹುಡುಕುತ್ತಿದ್ದಳು ಎಂದು ಕಾಣುತ್ತದೆ.

“ನನ್ ಬಗ್ಗೆ ಏನ್ ಬರ್ದವ್ರೆ ಮಿಸ್?”

ಅವಳ ಫೋಟೋ ಇದ್ದ ಒಳಪುಟವನ್ನು ನಾನು ಕನ್ನಡ ಮಾಡಿ ಹೇಳಿದೆ. ಕಾಡಿನ ಈ ಮಕ್ಕಳು ಪೈಪೋಟಿ ಬಯಸುವುದಿಲ್ಲ. ಪರೀಕ್ಷೆ, ಅಂಕ, ಸೀಟು ಇವುಗಳ ಹಂಬಲ ಇವರಿಗೆ ಇಲ್ಲ. ಇವರು ಕಲಿಯುವುದು ಖುಷಿಗಾಗಿ ಮಾತ್ರ.

“ಯಾರ್ಗೆ ಇಲ್ಲ? ನಂಗಾ?” ಎಂದಳು ಮಾದೇವಿ.

“ಹಾಗಂತ ಬರೆದಿದ್ದಾರೆ ಕಣಮ್ಮ.”

ಅವಳು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು.

“ನನ್ನ ಯಾರೂ ಕೇಳ್ಲೇ ಇಲ್ವಲ್ಲ ಮಿಸ್. ಕೇಳಿದ್ರೆ ಹೇಳ್ತಿದ್ದೆ. ನಂಗೆ ಸೀಟು ಬೇಕಿತ್ತು.”